ಎಡಗಡೆಯ ಗುಂಡಿ

ಬ್ರೂನೊ ಕುಲೇಶಾ ತನ್ನ ಐವತ್ತೆರಡು ವರ್ಷಗಳ ಬಾಳಿನಲ್ಲಿ ಸಾವಿರಾರು ಜನರಿಗೆ ಕ್ಯಾಮೆರಾ ಮಾರಿದ್ದ. ಸ್ವತಃ ತೆಗೆದ ಫೋಟೋಗಳು ಹನ್ನೊಂದು. ಅವುಗಳಲ್ಲಿ ಒಂಬತ್ತು ಅಂಗಡಿಯ ಬೆಕ್ಕಿನವು. ಉಳಿದೆರಡರಲ್ಲಿ ಬೆಕ್ಕು ಎದ್ದು ಹೋಗಿತ್ತು.

ಆದರೂ ಅಮೆರಿಕದ ರಾಚೆಸ್ಟರ್ ಊರಿನ ಹಡ್ಸನ್ ಅವೆನ್ಯೂ ಬೀದಿಯ ಉದ್ದಕ್ಕೂ ಅವನನ್ನು ಪ್ರೊಫೆಸರ್ ಎಂದೇ ಕರೆಯುತ್ತಿದ್ದರು. ಈ ಬಿರುದು ಸುಮ್ಮನೆ ಬಂದದ್ದಲ್ಲ. ಆ ಊರಿನಲ್ಲಿ ನಾಲ್ಕು ಜನ ಸೇರಿದರೆ ಮೂವರು ಫಿಲ್ಮ್ ಕಾರ್ಖಾನೆಯಲ್ಲಿ ದುಡಿಯುವವರು, ನಾಲ್ಕನೆಯವನು ಅಲ್ಲಿಂದ ನಿವೃತ್ತನಾದವನು. ಫಿಲ್ಮಿಗೆ ಲೇಪ ಹಚ್ಚುವವರು, ಕತ್ತರಿಸುವವರು, ಡಬ್ಬಿಗೆ ತುಂಬುವವರು, ತೊಳೆಯುವವರು, ಎಲ್ಲರೂ ತಮ್ಮ ತಮ್ಮ ತುಂಡು ವಿದ್ಯೆಯಲ್ಲಿ ಪಂಡಿತರು. ಇಂಥ ಪಂಡಿತರ ನಡುವೆ, ಕಾರ್ಖಾನೆಯ ಗೇಟನ್ನೇ ದಾಟದ ಒಬ್ಬ ಕೌಂಟರ್ ಗುಮಾಸ್ತ ಪ್ರೊಫೆಸರ್ ಅನ್ನಿಸಿಕೊಳ್ಳಬೇಕಾದರೆ ಅವನ ಬತ್ತಳಿಕೆಯಲ್ಲಿ ಏನಾದರೂ ಇರಲೇಬೇಕು. ಇತ್ತು. ಶಬ್ದಗಳಿದ್ದವು.

ಒಟ್ಟು ಇನ್ನೂರ ಹನ್ನೆರಡು. ಅಪರ್ಚರ್‌ನಿಂದ ಹಿಡಿದು ಝೂಮ್‌ವರೆಗೆ, ಬ್ರೂನೊ ಅವನ್ನೆಲ್ಲ ತನ್ನ ಕೈಯಾರೆ ಒಂದು ಉದ್ದನೆಯ ರಟ್ಟಿನ ಮೇಲೆ ಬರೆದು ಕ್ಯಾಮೆರಾ ಅಂಗಡಿಯ ಗೋಡೆಗೆ ತೂಗುಹಾಕಿದ್ದ. ಗುರುವಾರ ಸಂಜೆ ಅಂಗಡಿಯಲ್ಲಿ ಉಚಿತ ಪಾಠ. ಗಿರಾಕಿಗಳು ಮಡಿಸುವ ಕುರ್ಚಿಯಲ್ಲಿ ಸಾಲಾಗಿ ಕೂರಬೇಕು, ಬ್ರೂನೊ ಅಳತೆಕೋಲು ಹಿಡಿದು ನಿಲ್ಲುತ್ತಿದ್ದ.

"ಅಪರ್ಚರ್ ಅಂದ್ರೇನಮ್ಮಾ?"

"ತೂತು, ಸಾರ್."

"ತೂತು ಚರಂಡಿ ಮುಚ್ಚಳಕ್ಕಿರುತ್ತೆ ತಾಯಿ. ಇದು ಅಪರ್ಚರ್. ಬೆಳಕಿನ ಬಾಗಿಲು. ದೊಡ್ಡದು ಮಾಡಿದ್ರೆ ಬೆಳಕು ಜಾಸ್ತಿ. ಆದ್ರೆ ಡೆಪ್ತ್ ಆಫ್ ಫೀಲ್ಡ್ ಏನಾಗುತ್ತೆ?"

"ಕಮ್ಮಿಯಾಗುತ್ತೆ ಸಾರ್. ಮುಂದಿರೋರು ಕಾಣ್ತಾರೆ, ಹಿಂದಿರೋರು ಮಸುಕಾಗ್ತಾರೆ."

"ಭೇಷ್. ಮಸುಕಾಗಬೇಕಾದ ನೆಂಟರು ಯಾರಿದಾರೋ ಅವರನ್ನ ಹಿಂದೆ ನಿಲ್ಸಿ."

ಪಾಠದ ಕೊನೆಗೆ ಫಿಲ್ಮ್ ಹಾಕುವ ವಿಧಿ. ಇದು ಬ್ರೂನೊನ ಪರಮ ಪ್ರಸಿದ್ಧ ಅಂಕ. ಎಡಗಡೆಯ ಗುಂಡಿ ಎತ್ತಿ ಕ್ಯಾಮೆರಾದ ಬೆನ್ನು ತೆರೆಯುವುದು, ಫಿಲ್ಮಿನ ಡಬ್ಬಿ ಎಡಕ್ಕೆ ಕೂರಿಸುವುದು, ಅದರಿಂದ ಹೊರಚಾಚಿದ ಫಿಲ್ಮಿನ ನಾಲಗೆಯನ್ನು ಬಲಗಡೆಯ ಉರುಳೆಯ ಸೀಳಿಗೆ ಸಿಕ್ಕಿಸುವುದು, ಬೆನ್ನು ಮುಚ್ಚುವುದು. ಇಷ್ಟನ್ನೂ ಅವನು ಕೈ ಕಡೆ ನೋಡದೆ, ಮಾತು ನಿಲ್ಲಿಸದೆ, ಆರು ಸೆಕೆಂಡಿನಲ್ಲಿ ಮುಗಿಸಿ ಟಪ್ ಎಂದು ಸದ್ದು ಮಾಡಿದರೆ ಹೆಂಗಸರು ಚಪ್ಪಾಳೆ ತಟ್ಟುತ್ತಿದ್ದರು. ಆಮೇಲೆ ಬ್ರೂನೊ ಬೆರಳೆತ್ತಿ ಹೇಳುತ್ತಿದ್ದ: "ಬಲಗಡೆ ಲಿವರ್ ಎಳೆದಾಗೆಲ್ಲ ಎಡಗಡೆ ಗುಂಡಿ ತಿರುಗಬೇಕು. ತಿರುಗಲಿಲ್ವೋ, ಒಳಗೆ ಫಿಲ್ಮ್ ಓಡ್ತಾ ಇಲ್ಲ ಅಂತ ಅರ್ಥ. ನಂಬರು ಏರ್ತಾ ಹೋಗುತ್ತೆ, ಕ್ಲಿಕ್ ಅನ್ನುತ್ತೆ, ನೀವು ಮಾತ್ರ ಗಾಳಿ ಹಿಡೀತಾ ಇರ್ತೀರಿ."

ಒಂದು ಗುಟ್ಟು ಮಾತ್ರ ಅವನು ಯಾರಿಗೂ ಹೇಳಿರಲಿಲ್ಲ. ಪಾಠಕ್ಕೆ ಇದ್ದದ್ದು ಒಂದೇ ಹಳೆಯ ರೋಲು. ಪ್ರತಿ ಸಲ ಸಿಕ್ಕಿಸಿದರೆ ಅದರ ನಾಲಗೆ ಹರಿದುಹೋಗುತ್ತದೆಂದು, ಸೀಳಿಗೆ ಹಾಗೇ ತಾಗಿಸಿ, ಸಿಕ್ಕಿಸಿದ ಹಾಗೆ ನಟಿಸಿ, ಬೆನ್ನು ಮುಚ್ಚಿಬಿಡುತ್ತಿದ್ದ. ಇಪ್ಪತ್ತಾರು ವರ್ಷ, ಪ್ರತಿ ಗುರುವಾರ. ಅವನ ತಲೆಗೆ ಅದು ನಟನೆ ಎಂದು ಗೊತ್ತಿತ್ತು. ಕೈಗಳಿಗೆ ಯಾರೂ ಹೇಳಿರಲಿಲ್ಲ.

೧೯೭೪ರ ಅಕ್ಟೋಬರ್‌ನ ಒಂದು ಶುಕ್ರವಾರ ಸಂಜೆ ತಂಗಿ ಸ್ಟೆಲ್ಲಾ ಫೋನ್ ಮಾಡಿದಳು. ಅವಳ ಮಗಳು ಹಲೀನಾಳ ಮದುವೆ ಮರುದಿನ. ಗೊತ್ತುಮಾಡಿದ್ದ ಫೋಟೋಗ್ರಾಫರ್ ಪಿತ್ತಕೋಶದ ಕಲ್ಲಿನಿಂದ ಆಸ್ಪತ್ರೆ ಸೇರಿದ್ದ.

"ಬ್ರೂನೊ, ನೀನೇ ತೆಗೀಬೇಕು."

"ನಾನಾ? ನಾನು ಸಿದ್ಧಾಂತದವನು ಕಣೇ."

"ಸಿದ್ಧಾಂತ ಗಿದ್ದಾಂತ ನಂಗೊತ್ತಿಲ್ಲ. ಇಪ್ಪತ್ತಾರು ವರ್ಷದಿಂದ ಊರಿಗೆಲ್ಲ ಪಾಠ ಹೇಳ್ತಿದೀಯ. ನಾಳೆ ಹತ್ತೂವರೆಗೆ ಚರ್ಚ್ ಹತ್ರ ಇರು. ಸೂಟು ಇಸ್ತ್ರಿ ಮಾಡ್ಕೊ."

ಫೋನು ಕೈ ಬದಲಾಯಿಸಿತು. ಹಲೀನಾ. ಮದುಮಗಳ ಧ್ವನಿಯಲ್ಲಿ ಅಳು ತುಂಬಿತ್ತು. "ಮಾಮ, ಚರ್ಚಿಂದು, ಕೇಕಿಂದು ಏನಾದ್ರೂ ಆಗ್ಲಿ. ನಂಗೆ ಒಂದೇ ಒಂದು ಫೋಟೋ ಬೇಕು. ಊಟದ ಹಾಲ್ ಬಾಗಿಲಲ್ಲಿ ಬಾಬ್ಚಾ ನಮ್ಮನ್ನ ಹರಸಿ ಬ್ರೆಡ್ಡು, ಉಪ್ಪು ಕೊಡ್ತಾಳಲ್ಲ, ಅದು. ಒಪ್ಪಿಸಿದೀನಿ. ಒಂದು ತಿಂಗಳು ಹಿಡೀತು. ಒಂದೇ ಒಂದು ಸಲ ಅಂದಿದಾಳೆ."

ಬ್ರೂನೊ ಕುರ್ಚಿ ಎಳೆದುಕೊಂಡು ಕೂತ. ಬಾಬ್ಚಾ ಎಂದರೆ ಹಲೀನಾಗೆ ಅಜ್ಜಿ, ಬ್ರೂನೊಗೆ ಹೆತ್ತ ತಾಯಿ. ಎಂಬತ್ತೆರಡು ವಯಸ್ಸು. ಅಮೆರಿಕದ ಪೌರತ್ವದ ಕಾಗದದ ಮೇಲಿನ ಅಂಚೆಚೀಟಿ ಗಾತ್ರದ ಒಂದು ಚಿತ್ರ ಬಿಟ್ಟರೆ ಆಕೆಯ ಫೋಟೋ ಈ ಭೂಮಿಯ ಮೇಲೆ ಇರಲಿಲ್ಲ. ಕ್ಯಾಮೆರಾ ಕಂಡರೆ ಏಪ್ರನ್ ಎತ್ತಿ ಮುಖ ಮುಚ್ಚುತ್ತಿದ್ದಳು. ಕಾರಣವೂ ಇತ್ತು. ೧೯೧೩ರಲ್ಲಿ, ಪೋಲೆಂಡಿನ ಹಳ್ಳಿಯಿಂದ ಹೊರಡುವ ವಾರ, ಅವಳ ಅಪ್ಪ ಒಬ್ಬ ಊರೂರು ಅಲೆಯುವ ಫೋಟೋದವನನ್ನು ಕರೆಸಿದ. ಅಪ್ಪ, ಅಮ್ಮ, ಐದು ಜನ ಅಣ್ಣತಮ್ಮಂದಿರು, ನಡುವೆ ಇವಳು. ಅಮೆರಿಕಕ್ಕೆ ಅಂಚೆಯಲ್ಲಿ ಕಳಿಸುತ್ತೇನೆ ಎಂದ ಪುಣ್ಯಾತ್ಮ. ಮೊದಲ ವರ್ಷ ದಿನವೂ ಅಂಚೆಯವನ ದಾರಿ ಕಾದಳು. ಫೋಟೋ ಬರಲಿಲ್ಲ, ಯುದ್ಧ ಬಂತು, ಆ ಏಳು ಜನರಲ್ಲಿ ಒಬ್ಬರನ್ನೂ ಆಕೆ ಮತ್ತೆ ನೋಡಲಿಲ್ಲ. ಅಂದಿನಿಂದ ಪ್ರತಿ ಕ್ರಿಸ್‌ಮಸ್ ಮುನ್ನಾದಿನ, ಊಟದ ಮೇಜಿನ ಮುಂದೆ ಪ್ರಾರ್ಥನೆ ಮುಗಿದ ಕೂಡಲೇ, ಆ ಕಳ್ಳನ ಕೈ ಬಿದ್ದುಹೋಗಲಿ ಎಂದು ಶಾಪ ಹಾಕಿಯೇ ಆಕೆ ಸೂಪಿಗೆ ಚಮಚ ಅದ್ದುತ್ತಿದ್ದದ್ದು. ಮಗ ಕ್ಯಾಮೆರಾ ಅಂಗಡಿ ಸೇರಿದ ದಿನ, "ಕಳ್ಳರ ಗುಂಪಿಗೆ ಸೇರಿದೆಯಾ?" ಎಂದು ಕೇಳಿ ಎರಡು ವಾರ ಮಾತು ಬಿಟ್ಟಿದ್ದಳು.

ಶನಿವಾರ ಬೆಳಿಗ್ಗೆ ಬ್ರೂನೊ ರಣರಂಗಕ್ಕೆ ಹೊರಟ. ಅಂಗಡಿಯ ಅತ್ಯುತ್ತಮ ಕ್ಯಾಮೆರಾ ಎದೆಯ ಮೇಲೆ. ಎಡ ಹೆಗಲಿಗೆ ಮೂರು ಲೆನ್ಸುಗಳ ಚೀಲ, ಬಲ ಹೆಗಲಿಗೆ ಟ್ರೈಪಾಡ್, ಸೊಂಟದಲ್ಲಿ ಫ್ಲಾಶಿನ ಬ್ಯಾಟರಿ, ಕೊರಳಿನಲ್ಲಿ ಬೆಳಕು ಅಳೆಯುವ ಮೀಟರು, ಜೇಬಿನಲ್ಲಿ ಮೂವತ್ತಾರು ಫೋಟೋಗಳ ಐದು ರೋಲು. ಚರ್ಚಿನ ಮೆಟ್ಟಿಲ ಬಳಿ ಅವನನ್ನು ಕಂಡು ಪಾದ್ರಿ ಒಂದು ಹೆಜ್ಜೆ ಹಿಂದೆ ಸರಿದರು.

ಮೆಟ್ಟಿಲ ಮೇಲೆ ನೂರಿಪ್ಪತ್ತು ಜನ. ಅಂದರೆ ನೂರಿಪ್ಪತ್ತು ಪಂಡಿತರು. ಅವರ ಮುಂಚೂಣಿಯಲ್ಲಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಂತಿದ್ದವನು ಮದುಮಗನ ದೊಡ್ಡಪ್ಪ ಎಮೆಟ್ ಶೌಬ್. ಮೂವತ್ತೊಂದು ವರ್ಷ ಕಾರ್ಖಾನೆಯ ಕಗ್ಗತ್ತಲ ಕೋಣೆಯಲ್ಲಿ ಕೂತು, ಓಡುವ ಫಿಲ್ಮಿನ ಅಂಚನ್ನು ಬೆರಳ ತುದಿಯಿಂದಲೇ ಪರೀಕ್ಷಿಸಿದವನು. ಗುರುವಾರದ ಪಾಠಕ್ಕೆ ಒಮ್ಮೆ ಬಂದು, ಬ್ರೂನೊ ಹೇಳಿದ್ದರಲ್ಲಿ ಏಳು ತಪ್ಪು ಹುಡುಕಿ, ಕಾಫಿ ಕುಡಿದು ಹೋಗಿದ್ದ. ಅಂದಿನಿಂದ ಇಬ್ಬರಿಗೂ ಎಣ್ಣೆ ಸೀಗೆಕಾಯಿ.

"ಬಂದ್ರಾ ಪ್ರೊಫೆಸರ್ರೇ! ಮದುವೆಗೆ ಬಂದಿದೀರೋ, ಅಂಗಡಿ ಖಾಲಿ ಮಾಡಿಸಿದ್ರೋ?"

"ಕೆಲಸ ಬಲ್ಲವನಿಗೆ ಸಲಕರಣೆ ಬೇಕಾಗುತ್ತೆ ಶೌಬ್. ಬೆರಳಲ್ಲೇ ಬಾಳೋರಿಗೆ ಅರ್ಥ ಆಗೋದಿಲ್ಲ," ಎಂದ ಬ್ರೂನೊ. ಜನ ನಕ್ಕರು. ಆ ನಗು ಅವನ ತಲೆಗೇರಿತು. ಅಲ್ಲೇ, ಎಲ್ಲರೆದುರು, ಕ್ಯಾಮೆರಾದ ಬೆನ್ನು ತೆರೆದ. ಮಾತು ನಿಲ್ಲಿಸಲಿಲ್ಲ, ಕೈ ಕಡೆ ನೋಡಲಿಲ್ಲ, ನೆರಳಲ್ಲಿ ಫಿಲ್ಮ್ ಹಾಕುವುದರ ಮಹತ್ವ ಕುರಿತು ನಾಲ್ಕು ವಾಕ್ಯ ಹೇಳಿದ. ಆರು ಸೆಕೆಂಡು. ಟಪ್. ಯಾರೋ ಹೆಂಗಸು ಚಪ್ಪಾಳೆಯನ್ನೂ ತಟ್ಟಿದಳು.

ಮದುಮಗಳು ಕಾರಿನಿಂದ ಇಳಿದಳು. ಒಂದನೇ ಫೋಟೋ. ಕೂಡಲೇ ನೂರಿಪ್ಪತ್ತು ಬಾಯಿಗಳಿಂದ ಬಾಣಗಳ ಮಳೆ.

"ಅಪರ್ಚರ್ ಎಂಟಕ್ಕಿಡಪ್ಪಾ!"

"ಎಂಟು ಯಾಕೆ, ಮೋಡ ಇದೆ, ಐದೂವರೆಗಿಡು!"

"ಬಿಳೀ ಬಟ್ಟೆ ಕಣೋ, ಮೀಟರ್ ಮೋಸ ಮಾಡುತ್ತೆ! ಬೆಳಕು ಒಂದು ಸ್ಟಾಪ್ ಜಾಸ್ತಿ ಕೊಡು!"

"ಎಡಗಡೆ ಗುಂಡಿ ಮೇಲೆ ಕಣ್ಣಿಡಿ ಪ್ರೊಫೆಸರ್ರೇ!" ಇದು ಎಮೆಟ್ ಶೌಬ್.

"ಫ್ಲಾಶ್ ಹಾಕಬೇಡ, ಮೂಗು ಹೊಳೆಯುತ್ತೆ!"

"ಮೂಗು ಅವಳಪ್ಪಂದು, ಹೇಗಿದ್ರೂ ಹೊಳೆಯುತ್ತೆ!"

ಬ್ರೂನೊ ಸೇನಾಪತಿಯ ಗಾಂಭೀರ್ಯದಿಂದ ತಿರುಗಿದ. "ಶೌಬ್, ಗುಂಡಿ ವಿಚಾರ ಈ ಊರಿಗೆ ಹೇಳಿಕೊಟ್ಟೋನೇ ನಾನು. ನೀನು ನಿನ್ನ ಪ್ಯಾಂಟಿನ ಗುಂಡಿ ನೋಡ್ಕೊ."

ಇನ್ನೊಮ್ಮೆ ನಗು. ಎಮೆಟ್ ಶೌಬ್ ಕೆಂಪಗಾಗಿ, ಪ್ಯಾಂಟಿನ ಗುಂಡಿ ನೋಡಿಕೊಂಡು, ತುಟಿ ಹೊಲಿದುಕೊಂಡ. ಇಡೀ ಮಧ್ಯಾಹ್ನ ಆ ತುಟಿ ಬಿಚ್ಚಲಿಲ್ಲ. ಬ್ರೂನೊ ಇದನ್ನು ತನ್ನ ವಿಜಯವೆಂದು ಎಣಿಸಿದ.

ಚರ್ಚಿನೊಳಗೆ ಅವನು ಪಟ್ಟ ಪಾಡು ಕಾವ್ಯಕ್ಕೆ ಯೋಗ್ಯವಾದದ್ದು. ಉಂಗುರ ತೊಡಿಸುವಾಗ ಟ್ರೈಪಾಡಿನ ಒಂದು ಕಾಲು ಮಡಚಿಕೊಂಡಿತು. ಮೊಣಕಾಲಿನಿಂದ ಆತುಹಿಡಿದು ತೆಗೆದ. ಮುತ್ತಿಡುವಾಗ ಲೆನ್ಸಿನ ಮುಚ್ಚಳ ಹಾಗೇ ಇತ್ತು; ಕೊನೆಯ ಗಳಿಗೆಯಲ್ಲಿ ಹಲ್ಲಿನಿಂದ ಕಿತ್ತು ತೆಗೆದ. ಅಂಗಿ ಬೆನ್ನಿಗೆ ಅಂಟಿತು. ಹೊರಗೆ ಬಂದಾಗ ನಂಬರು ಮೂವತ್ತಮೂರು. ಹಾಲ್‌ಗೆ ಮೂರು ಫೋಟೋ ಉಳಿಸಿಕೊಂಡಿದ್ದ. ಹನ್ನೊಂದು ಫೋಟೋಗಳ ಸರದಾರ ಒಂದೇ ಬೆಳಿಗ್ಗೆ ಮೂವತ್ತಮೂರು ತೆಗೆದಿದ್ದ, ಕೈ ನಡುಗಿರಲಿಲ್ಲ, ಮೀಟರಿನ ಮುಳ್ಳು ಅವನ ಮಾತು ಕೇಳಿತ್ತು. ಇನ್ನು ಮುಂದೆ ಗುರುವಾರದ ಪಾಠದಲ್ಲಿ "ನಾನು ಮದುವೆ ತೆಗೀತಿದ್ದಾಗ" ಎಂದು ಶುರುಮಾಡಬಹುದು ಎನ್ನಿಸಿ ಮೈ ಜುಮ್ಮೆಂದಿತು.

ಹಾಲಿನ ಬಾಗಿಲಲ್ಲಿ ಬಾಬ್ಚಾ ನಿಂತಿದ್ದಳು. ಕಪ್ಪು ಉಡುಪು, ತಲೆಗೆ ಹೂವಿನ ವಸ್ತ್ರ, ಕೈಯಲ್ಲಿ ಕಸೂತಿ ಬಟ್ಟೆ, ಅದರ ಮೇಲೆ ಬೆಳಗಿನ ಜಾವ ತಾನೇ ಬೇಯಿಸಿದ ದುಂಡನೆಯ ಬ್ರೆಡ್ಡು, ಪಕ್ಕದಲ್ಲಿ ಉಪ್ಪಿನ ಬಟ್ಟಲು. ಲೆನ್ಸ್ ತನ್ನ ಕಡೆ ತಿರುಗಿದ್ದು ಕಂಡು ಆಕೆಯ ಮೈ ಮರಗಟ್ಟಿತು.

"ಒಂದೇ ಸಲ," ಎಂದಳು ಮಗನಿಗೆ. "ನನ್ನ ಮೊಮ್ಮಗಳು ಕೇಳಿದಳು ಅಂತ. ಆಮೇಲೆ ಆ ಡಬ್ಬ ನನ್ನ ಮುಂದೆ ತರಬೇಡ."

"ಸ್ವಲ್ಪ ನಗು ಅಮ್ಮ."

"ನಗೋದು ಮಾತಾಗಿರಲಿಲ್ಲ."

ಹಲೀನಾ ಬ್ರೆಡ್ಡು ಮುರಿದಳು, ಉಪ್ಪಿಗೆ ಅದ್ದಿದಳು. ಬಾಬ್ಚಾ ಮೊಮ್ಮಗಳ ಹಣೆಯ ಮೇಲೆ ಹೆಬ್ಬೆರಳಿನಿಂದ ಶಿಲುಬೆ ಬರೆದಳು. ಮೂವತ್ತನಾಲ್ಕನೇ ಫೋಟೋ. ಫೋಕಸ್ ಸರಿಯಾಗಿತ್ತು, ಬೆಳಕು ಸರಿಯಾಗಿತ್ತು, ಆಕೆಯ ಕಣ್ಣು ತೆರೆದಿತ್ತು. ಹಲೀನಾ ಅಜ್ಜಿಯ ತಲೆಯ ಮೇಲಿನಿಂದ ಅವನತ್ತ ನೋಡಿ, ಬಂತಾ ಎಂದು ಹುಬ್ಬೇರಿಸಿದಳು. ಬ್ರೂನೊ ರಾಜನ ಹಾಗೆ ತಲೆಯಾಡಿಸಿದ.

ಆಮೇಲೆ ಊಟದ ಮೇಜಿನ ಬಳಿ ಸ್ಟೆಲ್ಲಾ ಮತ್ತು ಅವಳ ಗಂಡ ಟೆಡ್: ಮೂವತ್ತೈದು. ಪಿರೋಗಿ ಕಡುಬಿನ ತಟ್ಟೆ ಹಿಡಿದ ಚಿಕ್ಕಮ್ಮಂದಿರು: ಮೂವತ್ತಾರು. ರೋಲು ಮುಗಿಯಬೇಕು. ಲಿವರ್ ಎಳೆದ; ಬಂತು. ಮೂವತ್ತೇಳು. ಒಮ್ಮೊಮ್ಮೆ ಒಂದು ಹೆಚ್ಚು ಸಿಗುತ್ತದೆ. ಇದು ಜಾಣರ ಲಾಭ. ಬ್ಯಾಂಡಿನವರನ್ನು ತೆಗೆದ. ಮೂವತ್ತೆಂಟು. ಇದೂ ಉಂಟು, ನಾಲಗೆ ಸ್ವಲ್ಪ ಉಳಿಸಿ ಹಾಕಿದವರಿಗೆ ಮಾತ್ರ. ಕೇಕನ್ನು ತೆಗೆದು ಲಿವರ್ ಎಳೆದ. ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಬಂತು.

ಮೂವತ್ತೊಂಬತ್ತು.

  ಬ್ರೂನೊ ನಿಧಾನವಾಗಿ, ಬಹಳ ನಿಧಾನವಾಗಿ, ಕಣ್ಣನ್ನು ಎಡಗಡೆಯ ಗುಂಡಿಯ ಮೇಲೆ ಇಟ್ಟ. ಬಲಗೈ ಹೆಬ್ಬೆರಳಿನಿಂದ ಲಿವರ್ ಎಳೆದ.

ಗುಂಡಿ ಕಲ್ಲಿನ ಹಾಗೆ ನಿಂತಿತ್ತು.

ಬ್ಯಾಂಡು ಪೋಲ್ಕಾ ಕುಣಿತದ ಧಾಟಿ ಬಾರಿಸುತ್ತಿತ್ತು. "ನಮ್ಮದೊಂದು ತೆಗಿ ಪ್ರೊಫೆಸರ್!" ಎಂದು ಯಾರೋ ತಬ್ಬಿಕೊಂಡು ನಿಂತರು. ಬ್ರೂನೊ ತೆಗೆದ. ನಲವತ್ತು. ಇನ್ನಿಬ್ಬರು ನಿಂತರು. ನಲವತ್ತೊಂದು. ಮುಖದ ಮೇಲೆ ನಗು ಅಂಟಿಸಿಕೊಂಡು, ಗಾಳಿ ಹಿಡಿಯುತ್ತ ಹಿಡಿಯುತ್ತ, ಗೋಡೆಯ ಅಂಚಿನಲ್ಲೇ ಸರಿದು ಕೋಟುಗಳ ಕೋಣೆ ಸೇರಿ ಬಾಗಿಲು ಹಾಕಿಕೊಂಡ.

ಒಳಗೆ ನೂರಿಪ್ಪತ್ತು ಕೋಟು, ಒಂದು ಸಣ್ಣ ಕಿಟಕಿ. ಬ್ರೂನೊ ಗೋಡೆಗೊರಗಿ ದೇವರೊಡನೆ ಚೌಕಾಸಿಗೆ ಇಳಿದ. ಬಹುಶಃ ಗುಂಡಿಯದೇ ದೋಷ ಇರಬಹುದು. ಫಿಲ್ಮ್ ಓಡಿರಬಹುದು. ತೆರೆದು ನೋಡಿದರೆ ಗೊತ್ತಾಗುತ್ತದೆ. ಆದರೆ ನಿಜಕ್ಕೂ ಓಡಿದ್ದರೆ ಬೆಳಕು ಬಿದ್ದು ಚರ್ಚು, ಉಂಗುರ, ಅಮ್ಮ ಎಲ್ಲ ಒಂದೇ ಕ್ಷಣದಲ್ಲಿ ಸುಟ್ಟುಹೋಗುತ್ತದೆ. ಕತ್ತಲೆ ಬೇಕು. ಮೊಳೆಯ ಮೇಲೆ ಅತ್ಯಂತ ದಪ್ಪನೆಯ ಕಪ್ಪು ಉಣ್ಣೆಯ ಕೋಟೊಂದಿತ್ತು. ಅದನ್ನು ಬೆಂಚಿನ ಮೇಲೆ ಹಾಸಿ, ಕ್ಯಾಮೆರಾ ಒಳಗಿಟ್ಟು, ಮೂರು ಸುತ್ತು ಸುತ್ತಿ, ತೋಳುಗಳ ತುದಿಯಿಂದ ಕೈ ತೂರಿಸಿದ. ಬೆರಳಿಗೆ ಗುಂಡಿ ಸಿಕ್ಕಿತು. ಎತ್ತಲು ಧೈರ್ಯ ಸಾಲಲಿಲ್ಲ.

ಹಿಂದೆ ಬಾಗಿಲು ಕಿರ್ ಎಂದಿತು. ಎಮೆಟ್ ಶೌಬ್.

ಅವನು ಕೋಟಿನೊಳಗೆ ಮೊಣಕೈವರೆಗೆ ಹೂತುಹೋಗಿದ್ದ ಪ್ರೊಫೆಸರನ್ನು ನೋಡಿದ. ಬಾಗಿಲು ಮುಚ್ಚಿದ. "ಎಷ್ಟಕ್ಕೆ ಗೊತ್ತಾಯ್ತು?"

"ಮೂವತ್ತೊಂಬತ್ತಕ್ಕೆ."

"ನಾನು ಮೊದಲನೇದಕ್ಕೇ ನೋಡಿದೆ. ಹೇಳಿದೆ. ಪ್ಯಾಂಟಿನ ಗುಂಡಿ ನೋಡ್ಕೊ ಅಂದ್ರಿ."

"ಮತ್ತೊಂದು ಸಲ ಹೇಳಬಾರದಾಗಿತ್ತೇನಯ್ಯಾ?" ಬ್ರೂನೊನ ಧ್ವನಿ ಕೀರಲಾಗಿತ್ತು.

ಎಮೆಟ್ ನೆಲ ನೋಡಿದ. "ಹೇಳಬೇಕಾಗಿತ್ತು. ಚರ್ಚಲ್ಲಿ ಮಜಾ ಅನ್ನಿಸ್ತು. ಆ ಮುದುಕಿ ಬ್ರೆಡ್ಡು ಹಿಡಿದು ನಿಂತಾಗ ಮಜಾ ಹೋಯ್ತು. ಅಷ್ಟೊತ್ತಿಗೆ ಬಾಯೇ ಬರಲಿಲ್ಲ." ಅವನು ಅಂಗಿಯ ತೋಳು ಮಡಚಿದ. "ಸರೀರಿ. ಬೆಳಕಲ್ಲಿ ನೀವು ಪ್ರೊಫೆಸರ್. ಕತ್ತಲೆ ನನ್ನ ಕಚೇರಿ."

ಎಮೆಟ್ ಕೋಟಿನ ಕತ್ತಿನ ಕಡೆಯಿಂದ ಕೈ ತೂರಿಸಿದ. ಗುಂಡಿ ಎದ್ದ ಸದ್ದು ಉಣ್ಣೆಯೊಳಗಿಂದ ಕೇಳಿಸಿತು. ಅವನು ಕಣ್ಣು ಮುಚ್ಚಿದ. ಬ್ರೂನೊ ಉಸಿರು ಬಿಗಿಹಿಡಿದು ಆ ಮುಚ್ಚಿದ ಕಣ್ಣುಗಳನ್ನೇ ನೋಡಿದ, ಡಾಕ್ಟರ ಮುಖ ನೋಡುವ ರೋಗಿಯ ಹಾಗೆ.

"ಉರುಳೆ ಹಲ್ಲಿಗೆ ಹಿಡಿದೇ ಇಲ್ಲ," ಎಂದ ಎಮೆಟ್. "ಪೂರ್ತಿ ಡಬ್ಬಿಯೊಳಗೆ ಮಲಗಿದೆ ಕಣ್ರೀ. ನಾಲಗೆ ಮಾತ್ರ ಹೊರಗಿದೆ. ನನಗೆ ಅಣಕಿಸೋ ಹಾಗಿದೆ."

 ಅರವತ್ತೊಂದು ವರ್ಷದ ಹಿಂದೆ ಅಮ್ಮನಿಗೆ ಕೈಕೊಟ್ಟವನೊಬ್ಬ. ಈಗ ಹೆತ್ತ ಮಗ. ಬ್ರೂನೊನ ನಾಲಗೆಗೆ ಒಂದು ವಾಕ್ಯ ತಾನಾಗಿ ಬಂದು ಕೂತಿತು, ಬಹಳ ನುಣುಪಾದ ವಾಕ್ಯ. "ತೊಳೆಯುವಾಗ ಹಾಳಾಯ್ತು ಅಂತ ಹೇಳಿದ್ರೆ? ಎಷ್ಟೋ ಕಡೆ ಆಗುತ್ತಲ್ಲ ಶೌಬ್. ನಾಲ್ಕು ದಿನ ಬಿಟ್ಟು ಹೇಳಿದ್ರೆ..."

ಎಮೆಟ್ ಕಣ್ಣು ತೆರೆಯಲಿಲ್ಲ. ಅವನ ಬೆರಳುಗಳು ಕೋಟಿನೊಳಗೆ ಫಿಲ್ಮಿನ ನಾಲಗೆಯನ್ನು ಸೀಳಿಗೆ ಸಿಕ್ಕಿಸುತ್ತಿದ್ದವು. "ಹೇಳಬಹುದು. ತೊಳೆಯೋ ವಿಭಾಗದೋರು ಆರು ಜನ ಹೊರಗೆ ಸಾಸೇಜ್ ತಿಂತಿದಾರೆ. ಅವರಲ್ಲೊಬ್ಬ ನಿಮ್ಮ ಭಾವ ಟೆಡ್. ಯಾರ ಹೆಸರು ಹೇಳ್ತೀರಿ, ಯೋಚಿಸಿ." ಬೆನ್ನು ಮುಚ್ಚಿದ ಸದ್ದಾಯಿತು. "ನಾನೇನೂ ಬಾಯಿ ಬಿಡಲ್ಲ. ಒಂದು ಸಲ ಮುಚ್ಚಿಕೊಂಡಿದ್ದಾಗಿದೆ, ಇನ್ನೊಂದು ಸಲ ಕಷ್ಟ ಅಲ್ಲ."

ಆಗಲೇ ಬಾಗಿಲು ತೆರೆಯಿತು.

ಹೊಸಿಲ ಮೇಲೆ ಬಾಬ್ಚಾ. ಕಂಕುಳಲ್ಲಿ ಕರವಸ್ತ್ರದಲ್ಲಿ ಸುತ್ತಿದ ಮುಕ್ಕಾಲು ಬ್ರೆಡ್ಡು. ಹಿಂದೆ ಮದುಮಗಳ ಬಿಳಿ ಉಡುಪಿನ ಹಲೀನಾ. ಮುದುಕಿ ಮನೆಗೆ ಹೊರಟಿದ್ದಳು. ಪಕ್ಕದ ಮನೆಯವರ ಕಾರು ಹೊರಗೆ ಕಾಯುತ್ತಿತ್ತು. ಆಕೆ ತನ್ನ ಮಗನನ್ನೂ ಶೌಬನನ್ನೂ ನೋಡಿದಳು. ಇಬ್ಬರ ನಾಲ್ಕು ಕೈಗಳು ಒಂದೇ ಕೋಟಿನೊಳಗೆ ಮಾಯವಾಗಿದ್ದವು.

"ಅದು ನನ್ನ ಕೋಟು," ಎಂದಳು.



"ಮಾಮ, ಏನು ಮಾಡ್ತಿದೀರಿ?" ಹಲೀನಾಳ ದೃಷ್ಟಿ ಕೋಟಿನ ಮಡಿಕೆಯಿಂದ ಇಣುಕುತ್ತಿದ್ದ ಕ್ಯಾಮೆರಾದ ಪಟ್ಟಿಯ ಮೇಲೆ ಬಿತ್ತು. ಅವಳ ಧ್ವನಿ ತೆಳುವಾಯಿತು. "ಬಾಬ್ಚಾದು ಬಂತಲ್ವಾ ಮಾಮ? ನೀವು ತಲೆ ಆಡಿಸಿದ್ರಿ."

ಬ್ರೂನೊ ಬಾಯಿ ತೆರೆದ. ನುಣುಪಾದ ವಾಕ್ಯ ಬಾಗಿಲಲ್ಲೇ ನಿಂತಿತ್ತು. ಎಮೆಟ್ ಚಾವಣಿ ನೋಡುತ್ತಿದ್ದ. ಹೊರಗಿನಿಂದ ಟೆಡ್‌ನ ನಗು ಕೇಳಿಸಿತು; ಆ ಮನುಷ್ಯ ಮಗಳ ಮದುವೆಯ ದಿನ ಹಂದಿಯ ಹಾಗೆ ಗುಟುರು ಹಾಕಿ ನಗುತ್ತಿದ್ದ. ಇನ್ನೂರ ಹನ್ನೆರಡು ಶಬ್ದಗಳ ಒಡೆಯ ತನ್ನ ರಟ್ಟಿನ ಮೇಲೆ ಎಲ್ಲಿಯೂ ಇಲ್ಲದ ಮಾತುಗಳನ್ನು ಹುಡುಕಿದ.

"ಬಂದಿಲ್ಲ ಕಣಮ್ಮ. ನಾನು ಫಿಲ್ಮ್ ಸರಿಯಾಗಿ ಸಿಕ್ಕಿಸಿರಲಿಲ್ಲ. ಬೆಳಗ್ಗೆಯಿಂದ ಒಂದೂ ಬಂದಿಲ್ಲ. ಚರ್ಚಿಂದಿಲ್ಲ, ಉಂಗುರದ್ದಿಲ್ಲ. ಅಮ್ಮಂದೂ ಇಲ್ಲ. ತಪ್ಪು ನಂದು."

ಹಲೀನಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಉಡುಪಿನ ತೋಳಿನಿಂದ ಕಣ್ಣೊರೆಸಿಕೊಂಡಳು. ಬಾಬ್ಚಾ ಮಗನ ಮುಂದೆ ಬಂದು ನಿಂತಳು. ಆಕೆಯ ತಲೆ ಅವನ ಎದೆಗೆ ಬರುತ್ತಿತ್ತು.

"ಏನಂದೆ? ಡಬ್ಬ ಖಾಲಿಯಾಗಿತ್ತಾ?"

"ಖಾಲಿ ಅಲ್ಲ ಅಮ್ಮ. ಫಿಲ್ಮ್ ಇತ್ತು. ಓಡಲಿಲ್ಲ."

"ನಾನು ಉಸಿರು ಬಿಗಿಹಿಡಿದು ಹೆಣದ ಹಾಗೆ ನಿಂತಿದ್ನಲ್ಲ, ಆಗ?"

"ಆಗಲೂ ಓಡಲಿಲ್ಲ."

"ನೀನು ಕಣ್ಣು ಕಿರಿದು ಮಾಡಿ, ಕತ್ತು ಓರೆ ಮಾಡಿ, ಲೆನ್ಸು, ಬೆಳಕು ಅಂತ ದೊಡ್ಡ ಮಾತಾಡಿ ಕ್ಲಿಕ್ ಅನ್ನಿಸಿದ್ಯಲ್ಲ, ಅದೆಲ್ಲ ಸುಮ್ನೇನಾ?"

"ಸುಮ್ನೆ ಅಮ್ಮ."

 ಮುದುಕಿಯ ಹಣೆಯ ಮೇಲಿನ ಗೆರೆಗಳು ಯಾವುದೋ ದೂರದ ಲೆಕ್ಕ ಹಾಕುತ್ತಿರುವಂತೆ ಸೇರಿಕೊಂಡವು. "ನೀನು ಕಳ್ಳ ಅಲ್ವಲ್ಲ," ಎಂದಳು ನಿಧಾನವಾಗಿ.

"ಅಲ್ಲ ಅಮ್ಮ."

"ದಡ್ಡ ಅಷ್ಟೇ."

"ಹೂಂ."

ಆಕೆ ಎಮೆಟ್ ಕಡೆ ತಿರುಗಿದಳು. "ನೀನು ಕಾರ್ಖಾನೆಯೋನು ತಾನೆ? ಹೇಳು. ಆಗಿನ ಕಾಲದ ದೊಡ್ಡ ಮರದ ಡಬ್ಬ, ಕರೀ ಬಟ್ಟೆ ಹೊದ್ಕೊಂಡು ತೆಗೀತಿದ್ರಲ್ಲ, ಅದ್ರಲ್ಲೂ ಹೀಗಾಗುತ್ತಾ?"

"ಓಹೋ, ಇನ್ನೂ ಸಲೀಸು ಅಜ್ಜಿ," ಎಂದ ಎಮೆಟ್. "ಗಾಜಿನ ಪ್ಲೇಟಿನ ಮುಂದೆ ಒಂದು ತೆಳೂ ಹಲಗೆ ಇರ್ತಿತ್ತು. ಅದನ್ನ ಎಳೆಯೋಕೆ ಮರೆತ್ರೆ ಮುಗೀತು, ಗಾಜಿನ ಮೇಲೆ ಏನೂ ಇರಲ್ಲ. ಅಂಥ ಪ್ಲೇಟು ರಾಶಿ ರಾಶಿ. ಎಷ್ಟೋ ಜನ ಬಾಯಿ ಬಿಡದೆ ಊರು ಬಿಡ್ತಿದ್ರು."

ಬಾಬ್ಚಾಳ ಬಾಯಿ ಅರ್ಧ ತೆರೆಯಿತು. ಅರವತ್ತು ಕ್ರಿಸ್‌ಮಸ್‌ಗಳ ಶಾಪ ಒಟ್ಟಿಗೆ ಆಕೆಯ ಕಣ್ಣೆದುರು ಬಂದು ನಿಂತ ಹಾಗಿತ್ತು.

"ಅಂದ್ರೆ ಅವನೂ..." ಎಂದಳು. "ನಮ್ಮಪ್ಪ ಮೀಸೆಗೆ ಮೇಣ ಹಚ್ಚಿಕೊಂಡು ನಿಂತಿದ್ದ. ನಮ್ಮ ಯೂಜೆಕ್ ಅಣ್ಣನ ಮೂಗಿನ ಮೇಲೆ ನೊಣ ಕೂತಿತ್ತು, ಅಲ್ಲಾಡಬೇಡ ಅಂತ ಅಪ್ಪ ಬೈದ. ಎಂಟು ಜನ ಉಸಿರು ಕಟ್ಟಿ ನಿಂತಿದ್ವಿ. ಆ ಬಡ್ಡೀಮಗ ಹಲಗೇನೇ ಎಳೆದಿರಲಿಲ್ಲ!"

ಅವಳ ಗಂಟಲಿನಿಂದ ಹೊರಟದ್ದು ಅಳು ಎಂದೇ ಎಲ್ಲರೂ ತಿಳಿದರು. ಅದು ನಗು. ಮೊದಲು ಕೆಮ್ಮಿನ ಹಾಗೆ, ಆಮೇಲೆ ಭುಜ ಕುಲುಕಿಸುತ್ತ, ಕಣ್ಣಲ್ಲಿ ನೀರು ಬರಿಸುತ್ತ. "ಕಳ್ಳ ಅಂತಿದ್ನಲ್ಲೋ! ಕೈ ಬಿದ್ದುಹೋಗ್ಲಿ ಅಂತ! ಅವನೂ ನಿನ್ನ ಹಾಗೇ ಒಬ್ಬ ಪ್ರೊಫೆಸರ್!" ಎನ್ನುತ್ತ ಕಂಕುಳಿನ ಬ್ರೆಡ್ಡು ಎಳೆದು ಎರಡೂ ಕೈಯಲ್ಲಿ ಎತ್ತಿ ಮಗನ ತಲೆಗೆ ಬೀಸಿದಳು. ಬ್ರೂನೊ ಬಗ್ಗಿದ. ಹಲೀನಾ ಅಳುತ್ತಳುತ್ತಲೇ ನಗಲು ಹೊರಟು ಎರಡರ ನಡುವೆ ಸಿಕ್ಕಿಹಾಕಿಕೊಂಡಳು.

ಕೋಣೆ ಬೆಳ್ಳಗಾಯಿತು. ಫ್ಲಾಶ್.

ಎಮೆಟ್ ಶೌಬ್ ಯಾವಾಗ ಕ್ಯಾಮೆರಾವನ್ನು ಕೋಟಿನಿಂದ ಬಿಚ್ಚಿದನೋ, ಯಾವಾಗ ಕಣ್ಣಿಗೆ ಹಿಡಿದನೋ ಯಾರೂ ನೋಡಿರಲಿಲ್ಲ. ಅವನು ಲಿವರ್ ಎಳೆದ. ಕ್ಯಾಮೆರಾವನ್ನು ಬ್ರೂನೊನ ಮೂಗಿನ ಹತ್ತಿರ ಹಿಡಿದ. ಎಡಗಡೆಯ ಗುಂಡಿ ಸುತ್ತುತ್ತಿತ್ತು.

"ಒಂದೇ ಸಲ ಅಂದಿದ್ದೆ!" ಎಂದು ಬಾಬ್ಚಾ ಗದರಿದಳು, ಇನ್ನೂ ನಗುತ್ತ.

"ಇದೇ ಆ ಒಂದು ಸಲ ಅಜ್ಜಿ. ಆಗಿನದು ಲೆಕ್ಕಕ್ಕಿಲ್ಲ."

ವಿಷಯ ಹೊರಗೆ ಹೋಗಲು ಒಂದು ನಿಮಿಷವೂ ಬೇಕಾಗಲಿಲ್ಲ. ಬ್ರೂನೊ ಕಲ್ಲೆಸೆತಕ್ಕೆ ಸಿದ್ಧನಾಗಿ ಹೊರಬಂದ.  ಆದರೆ ನೂರಿಪ್ಪತ್ತು ಪಂಡಿತರಿಗೆ ಇಂಥ ಸುದಿನ ಬಾಳಿನಲ್ಲಿ ಮತ್ತೆ ಬರುವುದಿಲ್ಲ ಎಂಬುದು ಹೊಳೆಯಿತು. ಸೂರ್ಯ ಮುಳುಗಲು ಎರಡೂವರೆ ಗಂಟೆ ಇದೆ ಎಂದು ಒಬ್ಬ ಕೂಗಿದ. ಮೇಜುಗಳ ಮೇಲಿನಿಂದ ಬಿಳಿ ಬಟ್ಟೆಗಳನ್ನು ಎಳೆದು, ಮದುಮಗಳ ಮುಖಕ್ಕೆ ಬೆಳಕು ಹಾಯಿಸಲು ಎತ್ತಿಹಿಡಿದು, ಇಡೀ ಸೈನ್ಯ ಮತ್ತೆ ಚರ್ಚಿನ ಮೆಟ್ಟಿಲಿಗೆ ನಡೆಯಿತು. ಪಾದ್ರಿಯನ್ನು ಮಧ್ಯಾಹ್ನದ ನಿದ್ದೆಯಿಂದ ಎಬ್ಬಿಸಲಾಯಿತು. ಮದುಮಗ ಡೆನಿಸ್ ಹೆಂಡತಿಗೆ ಎರಡನೇ ಸಲ ಉಂಗುರ ತೊಡಿಸಿದ. ಅಷ್ಟರಲ್ಲಿ ಒಳಗೆ ಹೋಗಿದ್ದ ವೋಡ್ಕಾದಿಂದಾಗಿ ತಪ್ಪು ಬೆರಳಿಗೆ. ಬ್ರೂನೊ ಒಂದೊಂದು ಸಲ ಲಿವರ್ ಎಳೆದಾಗಲೂ ನೂರಿಪ್ಪತ್ತು ಜನ ಒಕ್ಕೊರಲಿನಿಂದ "ತಿರುಗಿತು!" ಎಂದು ಕೂಗಿದರು.

ಫೋಟೋಗಳನ್ನು ತೊಳೆದದ್ದು ಟೆಡ್ಡೇ. ಬುಧವಾರ ಅವನು ತಂದ ಲಕೋಟೆಯಲ್ಲಿ ಮೊದಲನೆಯದು ಕೋಟುಗಳ ಕೋಣೆಯದು. ಬಾಬ್ಚಾ ಅದನ್ನು ಕಿಟಕಿಯ ಬಳಿ ಹಿಡಿದು ಬಹಳ ಹೊತ್ತು ನೋಡಿದಳು. ಎತ್ತಿದ ಬ್ರೆಡ್ಡು, ಹಾರುತ್ತಿದ್ದ ಕರವಸ್ತ್ರ, ನಗುವಾಗ ಕಾಣುವ ಎರಡೇ ಎರಡು ಹಲ್ಲು, ಹಿಂದೆ ಮಸುಕು ಮಸುಕಾಗಿ ಹಲೀನಾ.

"ಡೆಪ್ತ್ ಆಫ್ ಫೀಲ್ಡ್ ಕಮ್ಮಿಯಾಯ್ತು," ಎಂದು ಬ್ರೂನೊ ಗೊಣಗಿದ.

"ಬಗ್ಗಿರೋನು ಯಾರು?" ಎಂದಳು ಬಾಬ್ಚಾ.

"ನಾನೇ ಅಮ್ಮ."

"ಮುಖ ಕಾಣ್ತಿಲ್ಲ. ಒಳ್ಳೇದೇ ಆಯ್ತು." ಫೋಟೋವನ್ನು ಪೌರತ್ವದ ಕಾಗದದ ಜೊತೆ ತಗಡಿನ ಪೆಟ್ಟಿಗೆಯಲ್ಲಿ ಇಟ್ಟುಕೊಂಡಳು. ಹಲೀನಾಗೆ ಇನ್ನೊಂದು ಪ್ರತಿ ಮಾಡಿಸಬೇಕಾಯಿತು.

ಮರುದಿನ ಗುರುವಾರ. ಅಂಗಡಿಯಲ್ಲಿ ಕುರ್ಚಿಗಳು ಸಾಲದೆ ಜನ ನಿಂತಿದ್ದರು. ಮೊದಲ ಸಾಲಿನ ನಡುವೆ ಎಮೆಟ್ ಶೌಬ್, ಕೈಯಲ್ಲಿ ಕಾಫಿ. ಬ್ರೂನೊ ಹಳೆಯ ರೋಲನ್ನು ಕಸದ ಬುಟ್ಟಿಗೆ ಎಸೆದು, ಹೊಸದನ್ನು ಒಡೆದು, ಬಾಯಿ ಮುಚ್ಚಿಕೊಂಡು, ಎರಡೂ ಕಣ್ಣಿಂದ ಕೈ ನೋಡುತ್ತ ನಾಲಗೆ ಸಿಕ್ಕಿಸಿದ. ಈ ಸಲ ನಲವತ್ತು ಸೆಕೆಂಡು ಹಿಡಿಯಿತು. ಲಿವರ್ ಎಳೆದ. ಗುಂಡಿ ತಿರುಗಿತು.

"ಇನ್ನೊಂದು ಸಲ ಎಳೀರಿ," ಎಂದ ಎಮೆಟ್. "ನಂಗೆ ನಂಬಿಕೆ ಬರ್ತಿಲ್ಲ."

ಬ್ರೂನೊ ಇನ್ನೊಂದು ಸಲ ಎಳೆದ.

ಆ ಡಿಸೆಂಬರ್‌ನಲ್ಲಿ, ಕ್ರಿಸ್‌ಮಸ್ ಮುನ್ನಾದಿನದ ಊಟಕ್ಕೆ ಮನೆಯವರೆಲ್ಲ ಸೇರಿದರು. ಪ್ರಾರ್ಥನೆ ಮುಗಿಯಿತು. ಎಲ್ಲರೂ ಚಮಚ ಕೆಳಗಿಟ್ಟು, ವಾಡಿಕೆಯಂತೆ ಶಾಪಕ್ಕೆ ಕಾದರು. ಬಾಬ್ಚಾ ಬಾಯಿ ತೆರೆದಳು, ಮುಚ್ಚಿದಳು, ಮೇಜಿನ ಆ ತುದಿಯಲ್ಲಿ ತಲೆ ತಗ್ಗಿಸಿ ಕೂತಿದ್ದ ಮಗನನ್ನು ನೋಡಿದಳು.

"ಆ ಹಲಗೆ ಮರೆತ ದಡ್ಡನ ಅಮ್ಮ," ಎಂದಳು, "ಅವನಿಗೂ ಸರಿಯಾಗಿ ನಾಲ್ಕು ಏಟು ಬಿಟ್ಟಿರಲಿ ಅಂತ ನನ್ನ ಆಸೆ."

ಚಮಚವನ್ನು ಸೂಪಿಗೆ ಅದ್ದಿದಳು.